ಹೆಬ್ಬೆರಳು ತಾಗಿಸಬಾರದ ಕತ್ತಿಗಳು

ಕತ್ತಿ ಹರಿತ ಇದೆಯೋ ಇಲ್ಲವೋ ನೋಡಲು ನಮ್ಮ ತೀರ್ಥಹಳ್ಳಿ ಕಡೆ ಇರುವುದು ಒಂದೇ ಕ್ರಮ. ಹೆಬ್ಬೆರಳನ್ನು ಕತ್ತಿಯ ಬಾಯಿಗೆ ಅಡ್ಡವಾಗಿ ಮೆಲ್ಲಗೆ ಸವರಬೇಕು. ಚರ್ಮಕ್ಕೆ ಕಚ್ಚಿದ ಹಾಗಾದರೆ ಸರಿ, ಜಾರಿದರೆ ಮಸೆಗಲ್ಲಿನ ಹತ್ತಿರ ಹೋಗಬೇಕು. ಅಪ್ಪಯ್ಯ ಹೀಗೆ ನೋಡುತ್ತಿದ್ದರು, ಅಡಿಕೆ ಕೊಯ್ಯಲು ಬರುವ ಕೊನೆಗಾರರು ಹೀಗೆ ನೋಡುತ್ತಿದ್ದರು, ನಾನೂ ಅರವತ್ತಮೂರು ವರ್ಷ ಹೀಗೆಯೇ ನೋಡಿದೆ. ಯಾರೂ ಏನೂ ಅಂದಿರಲಿಲ್ಲ. 2023ರ ಜೂನ್ ತಿಂಗಳ ಮೊದಲ ಶನಿವಾರ, ಅಮೆರಿಕದ ಅಟ್ಲಾಂಟಾದಲ್ಲಿ ಅದಕ್ಕಾಗಿ ಬೈಸಿಕೊಂಡೆ.

ಮೊಮ್ಮಗಳನ್ನು ನೋಡಿಕೊಳ್ಳುವ ನೆಪದಲ್ಲಿ ಆರು ತಿಂಗಳು ಮಗನ ಮನೆಯಲ್ಲಿದ್ದೆವು. ಊರು ಮರಿಯೆಟ್ಟಾ, ಅಟ್ಲಾಂಟಾದ ಪಕ್ಕದಲ್ಲೇ. ನಾನು ನಿವೃತ್ತ ಹೈಸ್ಕೂಲು ಮೇಷ್ಟ್ರು. ಮಗ ಕೆಲಸಕ್ಕೆ ಹೋದಮೇಲೆ ಬೇಲಿಯಾಚೆ ನೋಡುವುದೇ ಉದ್ಯೋಗ. ಆಚೆ ಮನೆಯಲ್ಲಿ ನನ್ನದೇ ವಯಸ್ಸಿನ ಒಬ್ಬರು. ದಿನಾ ಮಧ್ಯಾಹ್ನ ಗ್ಯಾರೇಜಿನ ಬಾಗಿಲೆತ್ತಿ ಠಣ್ ಠಣ್ ಎಂದು ಏನೋ ಬಡಿಯುತ್ತಿದ್ದರು. ಆ ಸದ್ದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ದಿನ ಹೋಗಿ ನಿಂತೆ. ಅಡಿಗಲ್ಲು, ಸುತ್ತಿಗೆ, ಇಕ್ಕಳ, ಗ್ಯಾಸಿನ ಕುಲುಮೆ. ಕತ್ತಿ ಮಾಡುವುದು ಅವರ ಹವ್ಯಾಸವಂತೆ. ನನ್ನ ಅರ್ಧ ಇಂಗ್ಲಿಷಿಗೆ ಅವರ ಜಾರ್ಜಿಯಾ ಉಚ್ಚಾರಣೆ ಸೇರಿ ಮಾತು ಅಷ್ಟಕ್ಕಷ್ಟೇ ಆದರೂ, ‘ಬ್ಲೇಡ್ ಶೋ’ ಎಂಬುದಕ್ಕೆ ನನ್ನನ್ನು ಕರೆದುಕೊಂಡು ಹೋಗುವುದಾಗಿ ಹೇಳಿದ್ದು ತಿಳಿಯಿತು.

"ಕತ್ತಿ ನೋಡಕ್ಕೆ ಟಿಕೆಟ್ಟಾ?" ಅಂದಳು ಇವಳು. "ನಮ್ಮನೆ ಕೊಟ್ಟಿಗೆ ಮಾಡಿಗೆ ಸಿಕ್ಕಿಸಿಟ್ಟಿದ್ದು ನಾಲ್ಕಿದೆ. ಪುಕ್ಕಟೆ ಅಂದ್ರೂ ಯಾರೂ ನೋಡಲ್ಲ."

ಮಗ ಟಿಕೆಟ್ ತೆಗೆದ. ದರ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ದುಭಾಷಿಯಾಗಿ ಅವನೂ ಬಂದ.

1982ರಲ್ಲಿ ಶುರುವಾದ ಮೇಳವಂತೆ ಇದು. ಕತ್ತಿಗಳದೇ ಮೇಳಗಳಲ್ಲಿ ಇಷ್ಟು ದೊಡ್ಡದು ಜಗತ್ತಿನಲ್ಲೇ ಇನ್ನೊಂದಿಲ್ಲ ಎಂದರು. ನಾವು ಹೋದಾಗ ನಡೆದದ್ದು ಕಾಬ್ ಗ್ಯಾಲೇರಿಯಾ ಎಂಬ ಸಭಾಂಗಣದಲ್ಲಿ. ಒಳಗೆ ಹೋದರೆ ಸಾಲು ಸಾಲು ಮೇಜು. ಮೇಜಿನ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಐದೋ ಆರೋ ಕತ್ತಿ, ಹಿಂದೆ ಕುರ್ಚಿಯಲ್ಲಿ ಅದನ್ನು ಮಾಡಿದವನೇ ಕೂತಿದ್ದಾನೆ. ಇಷ್ಟು ಜನ ಸೇರಿದ ಸಂತೆಯಲ್ಲಿ ಒಂದು ಕೂಗಿಲ್ಲ. "ಬನ್ನಿ ಬನ್ನಿ" ಇಲ್ಲ. ದೇವಸ್ಥಾನದಲ್ಲಿ ದರ್ಶನಕ್ಕೆ ನಿಂತವರ ಹಾಗೆ ಜನ ಬಗ್ಗಿ ನೋಡುತ್ತಾರೆ, ಪಿಸುಗುಟ್ಟುತ್ತಾರೆ, ಮುಂದೆ ಹೋಗುತ್ತಾರೆ. ಒಂದು ಕಡೆ ಲವಂಗದ ವಾಸನೆ ಬಂತು. ಜಪಾನಿನ ಕತ್ತಿಗಳಿಗೆ ಸವರುವ ಎಣ್ಣೆಯಲ್ಲಿ ಲವಂಗದೆಣ್ಣೆ ಬೆರೆಸುತ್ತಾರಂತೆ.

ಎರಡನೆಯ ಸಾಲಿನಲ್ಲೇ ನನ್ನ ಎಡವಟ್ಟು ಆದದ್ದು. ಕನ್ನಡಿಯಂತೆ ಹೊಳೆಯುವ, ಒಂದು ಗೇಣಿನ ಚೂರಿ. ಕೇಳಿಯೇ ಕೈಗೆತ್ತಿಕೊಂಡೆ, ಅಷ್ಟು ಮರ್ಯಾದೆ ಗೊತ್ತಿತ್ತು. ಆದರೆ ಎತ್ತಿಕೊಂಡ ಕೂಡಲೇ ಹೆಬ್ಬೆರಳು ತಾನಾಗಿಯೇ ಚೂರಿಯ ಬಾಯಿಗೆ ಹೋಯಿತು. "ಸರ್! ಸರ್!" ಎಂದು ಆ ಮನುಷ್ಯ ಎದ್ದೇ ನಿಂತ. ಬೆರಳು ಕೊಯ್ದುಕೊಂಡೀತೆಂಬ ಗಾಬರಿ ಇರಬೇಕು ಅಂದುಕೊಂಡೆ. ಅಲ್ಲ, ಕತ್ತಿಯ ಬಗ್ಗೆ ಗಾಬರಿ. ಬೆರಳಿನ ಬೆವರು, ಉಪ್ಪು ತಾಗಿದರೆ ಅಂಥ ಉಕ್ಕಿನ ಮೇಲೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದಂತೆ. ಮೆತ್ತನೆಯ ಬಟ್ಟೆಯಿಂದ ಎರಡು ಸಲ ಒರೆಸಿ, ಎಣ್ಣೆ ಸವರಿ, ಮತ್ತೆ ಒರೆಸಿ ಇಟ್ಟ. ನನ್ನ ಬೆರಳನ್ನೇ ಒರೆಸಿದಷ್ಟು ನಾಚಿಕೆಯಾಯಿತು.

ಪುಣ್ಯಕ್ಕೆ ಅವನಿಗೆ ಸಿಟ್ಟು ಇಳಿಯಿತು. ಹರಿತ ನೋಡುವುದು ಹೀಗೆ ಎಂದು ತೋರಿಸಿಕೊಟ್ಟ. ಬಾಯಿಯನ್ನು ಮೇಲೆ ಮಾಡಿ ದೀಪಕ್ಕೆ ಹಿಡಿಯಬೇಕು. ಮೊಂಡಾದ ಕಡೆ ಬೆಳಕಿನ ಗೆರೆ ಮಿಂಚುತ್ತದೆ. ನಿಜವಾಗಿ ಹರಿತವಿದ್ದರೆ ಬೆಳಕಿಗೆ ಕೂರಲು ಜಾಗವೇ ಇರುವುದಿಲ್ಲ. ಇನ್ನೊಂದು ಉಪಾಯ ಅವನ ಎಡಗೈಯಲ್ಲೇ ಇತ್ತು: ಮುಂಗೈ ಮೇಲೆ ಒಂದು ಕೂದಲಿಲ್ಲ. ಬಲಗೈ ತುಂಬ ಕರಡಿಯ ಹಾಗೆ ರೋಮ. ಆಮೇಲೆ ನೋಡುತ್ತ ಹೋದರೆ ಅರ್ಧಕ್ಕರ್ಧ ಜನರ ಎಡಗೈ ಹಾಗೆಯೇ ಬೋಳು! ಕತ್ತಿಯವರನ್ನು ಗುರುತಿಸುವುದಕ್ಕೆ ಬೇರೆ ಬ್ಯಾಡ್ಜು ಬೇಕಿಲ್ಲ.

ಇನ್ನೊಂದು ಮೇಜಿನಲ್ಲಿ ಒಳ್ಳೊಳ್ಳೆಯ ಕತ್ತಿಗಳ ನಡುವೆ ಒಂದು ಸೊಟ್ಟ ಕತ್ತಿ. ಸೊಟ್ಟ ಎಂದರೆ ಲಂಬಕೋನಕ್ಕೆ ಮಡಚಿಹೋದದ್ದು. ಹಾಳಾದದ್ದನ್ನು ಇಲ್ಲಿ ಯಾಕೆ ಇಟ್ಟುಕೊಂಡಿದ್ದಾರೆ ಎಂದು ಮಗನಿಂದ ಕೇಳಿಸಿದೆ. ಅದು ಅವರ ಪದವಿ ಪ್ರಮಾಣಪತ್ರವಂತೆ! ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂದು 1976ರಲ್ಲಿ ಹುಟ್ಟಿದ ಕಮ್ಮಾರರ ಸಂಘವಿದೆ. ಅದರ ಪರೀಕ್ಷೆಯಲ್ಲಿ ತಾನೇ ಬಡಿದು ಮಾಡಿದ ಒಂದೇ ಕತ್ತಿಯಿಂದ ನಾಲ್ಕು ಕೆಲಸ ಮಾಡಿ ತೋರಿಸಬೇಕು. ಮೇಲಿಂದ ಸುಮ್ಮನೆ ಇಳಿಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು. ಮರದ ರೀಪನ್ನು ಎರಡು ಸಲ ಕಡಿದು ತುಂಡು ಮಾಡಬೇಕು. ಅಷ್ಟಾದಮೇಲೂ ಮುಂಗೈ ರೋಮ ಬೋಳಿಸುವಷ್ಟು ಹರಿತ ಉಳಿದಿರಬೇಕು. ಕೊನೆಗೆ ಕತ್ತಿಯನ್ನು ವೈಸಿಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸಬೇಕು, ಮುರಿಯಬಾರದು. ಪಾಸಾದರೆ ಕತ್ತಿ ಹೋಯಿತು, ಪದವಿ ಬಂತು.

ಇದನ್ನು ಕೇಳುತ್ತಿದ್ದಾಗ ನಮ್ಮೂರ ಆಚಾರರು ನೆನಪಾದರು. ಅವರ ಪರೀಕ್ಷೆ ಇಷ್ಟು ದೊಡ್ಡದಲ್ಲ. ಹೊಸ ಕತ್ತಿ ಕೊಡುವಾಗ, "ಒಂದು ಬಿದಿರು ಹಿಂಡ್ಲು ಕಡಿದು ನೋಡಿ. ಬಾಯಿ ಮಡಚಿದ್ರೆ ವಾಪಸ್ ತನ್ನಿ, ಚಕ್ಕೆ ಹಾರಿದ್ರೂ ವಾಪಸ್ ತನ್ನಿ" ಎನ್ನುತ್ತಿದ್ದರು. ಮಡಚಿದರೆ ಹದ ಕಡಿಮೆ, ಚಕ್ಕೆ ಹಾರಿದರೆ ಹದ ಹೆಚ್ಚು. ಎರಡರ ನಡುವಿನ ಜಾಗ ಕೂದಲೆಳೆಯಷ್ಟು.

ಅವರ ಕುಲುಮೆ ಹಗಲಲ್ಲೂ ಕತ್ತಲು. ಚಿಕ್ಕವರಿದ್ದಾಗ ನಮಗೆ ತಿದಿ ತಿರುಗಿಸುವ ಕೆಲಸ. ಕೊನೆ ಕೊಯ್ಲಿನ ಮುಂಚೆ ಕತ್ತಿಗಳ ರಾಶಿಯೇ ಬಿದ್ದಿರುತ್ತಿತ್ತು. ಕಿಟಕಿ ಯಾಕಿಲ್ಲ ಎಂದು ಒಮ್ಮೆ ಕೇಳಿದ್ದೆ. ಬೆಳಕಿದ್ದರೆ ಕಬ್ಬಿಣದ ಬಣ್ಣ ಸುಳ್ಳು ಹೇಳುತ್ತದೆ ಎಂದರು. ಕತ್ತಿ ಹಣ್ಣಡಿಕೆಯ ಬಣ್ಣಕ್ಕೆ ಬರುವ ತನಕ ಕಾಯಿಸಿ, ಬಾಯಿಯ ಕಡೆ ಮಾತ್ರ ನೀರಿಗೆ ಅದ್ದುತ್ತಿದ್ದರು. ಚುಸ್ಸೆಂದ ಕೂಡಲೇ ಹೊರಗೆಳೆದು, ಕಪ್ಪು ಹೋಗುವ ಹಾಗೆ ಕಲ್ಲಿಗೆ ಎರಡು ಸಲ ಉಜ್ಜಿ, ಉಸಿರು ಹಿಡಿದು ನೋಡುತ್ತ ಕೂರುತ್ತಿದ್ದರು. ಬೆನ್ನಿನಲ್ಲಿ ಉಳಿದ ಬಿಸಿ ಬಾಯಿಯ ಕಡೆ ಇಳಿಯುತ್ತ ಬಂದ ಹಾಗೆ ಒಂದು ಬಣ್ಣ ಓಡುತ್ತದೆ: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ಬೇಕಾದ ಬಣ್ಣ ಬಾಯಿಗೆ ಮುಟ್ಟಿತು ಅನ್ನುವಾಗ ಮತ್ತೆ ನೀರಿಗೆ. ಆ ಹೊತ್ತಿನಲ್ಲಿ ಮಾತಾಡಿದರೆ ಬೈಗುಳ ಖಾತ್ರಿ. ಕೂಲಿ ಎಂದರೆ ವರ್ಷಕ್ಕಿಷ್ಟು ಭತ್ತ, ಮೇಲೊಂದಿಷ್ಟು ಎಲೆ ಅಡಿಕೆ.

ನನ್ನ ಜೊತೆ ಬಂದಿದ್ದ ಪಕ್ಕದ ಮನೆಯವರಿಗೆ ಇದನ್ನೆಲ್ಲ ಮಗನ ಬಾಯಲ್ಲಿ ಹೇಳಿಸಿದೆ. ಅವರಿಗೆ ಕುತೂಹಲವಾದದ್ದು ಒಂದೇ: ಉಕ್ಕು ಯಾವುದು? ಯಾವ ಉಕ್ಕು ಮಾರಾಯ್ರೆ, ಗುಜರಿ ಅಂಗಡಿಯಿಂದ ತಂದ ಲಾರಿಯ ಸ್ಪ್ರಿಂಗ್ ಪ್ಲೇಟು. ಅದನ್ನು ಹೇಳಲು ನನಗೆ ಸ್ವಲ್ಪ ಮುಜುಗರವೇ ಆಯಿತು. ಅವರು ಮಾತಾಡದೆ ನನ್ನ ರಟ್ಟೆ ಹಿಡಿದು ಮುಂದಿನ ಮೇಜಿಗೆ ಕರೆದುಕೊಂಡು ಹೋಗಿ ಒಂದು ಕತ್ತಿಯ ಪಕ್ಕದ ಚೀಟಿ ತೋರಿಸಿದರು. ‘5160’ ಎಂದಿತ್ತು. ಗಾಡಿಗಳ ಸ್ಪ್ರಿಂಗ್ ಪ್ಲೇಟಿಗೆ ಬಳಸುವ ಉಕ್ಕಿನ ನಂಬರು. ಇಲ್ಲಿನ ಕಮ್ಮಾರರಿಗೂ ಅದೇ ಅಚ್ಚುಮೆಚ್ಚು. ಬಗ್ಗುವ ಪರೀಕ್ಷೆಗೆ ಬಹಳ ಜನ ನೆಚ್ಚಿಕೊಳ್ಳುವುದು ಅದನ್ನೇ. ಚೀಟಿಯ ಕೆಳಗೆ ಬೆಲೆ: 850 ಡಾಲರ್. ಮನಸ್ಸಿನಲ್ಲೇ ಗುಣಿಸಿದೆ, ಎಪ್ಪತ್ತು ಸಾವಿರದ ಹತ್ತಿರ. ಲಾರಿ ಪ್ಲೇಟು!

ನಮ್ಮ ಆಚಾರರಿಗೆ ಮೋಸವಾಯಿತು ಎಂದು ಥಟ್ಟನೆ ಅನ್ನಿಸಿದ್ದು ನಿಜ. ಆದರೆ ಕತ್ತಿಯನ್ನು ಹಿಡಿದು ನೋಡಿದಾಗ ಅಷ್ಟು ಸುಲಭಕ್ಕೆ ಹೇಳಲು ಬರಲಿಲ್ಲ. ಹಿಡಿಯ ಮರಕ್ಕೂ ಕಬ್ಬಿಣಕ್ಕೂ ನಡುವೆ ಉಗುರು ತೂರುವಷ್ಟು ಸಂದಿಲ್ಲ. ಕತ್ತಿಯ ತೂಕ ಬೆರಳ ಮೇಲೆ ತಕ್ಕಡಿಯ ಹಾಗೆ ನಿಂತಿತು. ನಮ್ಮ ಆಚಾರರ ಕತ್ತಿಗೆ ಹದ ಇತ್ತು, ನಯ ಇರಲಿಲ್ಲ. ನಯ ಮಾಡಿಕೊಡಿ ಎಂದು ಕೇಳಿದವರೂ ಇರಲಿಲ್ಲ. ಸೊಪ್ಪು ಕಡಿಯುವವನಿಗೆ ಸಂಜೆ ಅಂಗೈಯಲ್ಲಿ ಬೊಬ್ಬೆ ಬರದಿದ್ದರೆ ಸಾಕು.

ಹದದ ವಿಷಯಕ್ಕೆ ಪಕ್ಕದ ಮನೆಯವರ ಗುಟ್ಟೂ ಅವತ್ತು ಹೊರಬಿತ್ತು. ಎಣ್ಣೆಯಲ್ಲಿ ಅದ್ದಿ ಗಡುಸು ಮಾಡಿದ ಕತ್ತಿಯನ್ನು ಅವರು ಹದಕ್ಕೆ ತರುವುದು ಅಡುಗೆಮನೆಯ ಓವನ್ನಿನಲ್ಲಿ. ಸುಮಾರು 200 ಡಿಗ್ರಿ, ಎರಡೆರಡು ಗಂಟೆಯಂತೆ ಎರಡು ಸಲ. ಹೆಂಡತಿ ಕೇಕು ಮಾಡುವುದನ್ನೇ ಬಿಟ್ಟಿದ್ದಾರಂತೆ.

ಅಲೆಅಲೆಯಾದ ಗೆರೆಗಳಿದ್ದ ‘ಡಮಾಸ್ಕಸ್’ ಕತ್ತಿಗಳ ಮುಂದೆ ಜನ ಹೆಚ್ಚು. ಅದು ಉಕ್ಕಿನ ಚಿರೋಟಿ. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು, ಕಾಯಿಸಿ ಬಡಿದು ಬೆಸೆದು, ಮಡಚಿ ಮತ್ತೆ ಬಡಿದು ಪದರ ಹೆಚ್ಚಿಸುತ್ತ ಹೋಗುತ್ತಾರೆ. ಕಡೆಗೆ ಆಮ್ಲದಂಥ ದ್ರಾವಣದಲ್ಲಿ ಅದ್ದಿದರೆ ಒಂದು ಉಕ್ಕು ಕಪ್ಪಾಗಿ, ನಿಕ್ಕಲ್ ಇರುವ ಇನ್ನೊಂದು ಬೆಳ್ಳಗೇ ಉಳಿದು ಚಿತ್ತಾರ ಏಳುತ್ತದೆ. ಬಿಲ್ ಮೊರಾನ್ ಎಂಬ ಕಮ್ಮಾರ 1973ರಲ್ಲಿ ಇಂಥ ಕತ್ತಿಗಳನ್ನು ಪ್ರದರ್ಶನಕ್ಕಿಟ್ಟಮೇಲೆ ಈ ವಿದ್ಯೆಗೆ ಅಮೆರಿಕದಲ್ಲಿ ಮರುಜೀವ ಬಂತಂತೆ. ಚಂದವೇನೋ ಹೌದು. ಸಾಲುಸಾಲಾಗಿ ಅದನ್ನೇ ನೋಡಿದಾಗ, ಮದುವೆ ಮನೆಯಲ್ಲಿ ಎಲ್ಲರೂ ಜರಿ ಸೀರೆ ಉಟ್ಟ ಹಾಗೆ ನನಗಂತೂ ಕಣ್ಣು ದಣಿಯಿತು. ಹಲ್ಲುಹಲ್ಲಿನ, ರಾಕ್ಷಸರ ನಾಟಕಕ್ಕೆ ಆಗುವಂಥ ಕತ್ತಿಗಳೂ ಇದ್ದವು. ಅವುಗಳಿಂದ ಒಂದು ಸೌತೆಕಾಯಿ ಹೆಚ್ಚಲೂ ಆಗದು.

ಒಂದು ಮೂಲೆಯಲ್ಲಿ ಬೇರೆ ಥರದ ಚೂರಿ ಇತ್ತು. ಚಿತ್ತಾರ ನೀರಿನ ಮೇಲಿನ ನೆರಿಗೆಯಷ್ಟು ಸಣ್ಣದು. ಮಡಚಿ ಬೆಸೆದದ್ದಲ್ಲ, ಮೂಸೆಯಲ್ಲಿ ಕರಗಿಸಿ ತೆಗೆದ ಉಕ್ಕಿನೊಳಗಿಂದಲೇ ಎದ್ದದ್ದು. ಮಾಡಿದವನು "ವೂಟ್ಸ್" ಅಂದ. ಅದು ನಮ್ಮ ಮಾತು ಎಂದೆ. ‘ಉಕ್ಕು’ ಎಂಬುದು ಇಂಗ್ಲಿಷರ ಕಿವಿಯಲ್ಲೋ ಕೈಬರಹದಲ್ಲೋ ಕೆಟ್ಟು ‘ವೂಟ್ಸ್’ ಆಯಿತೆಂದು ಬಹಳ ವಿದ್ವಾಂಸರ ಅಭಿಪ್ರಾಯ. (ತೆಲುಗಿನವರೂ ಉಕ್ಕು ಎನ್ನುತ್ತಾರೆ, ಆ ಜಗಳ ಇಲ್ಲಿ ಬೇಡ.) ಅಂಥ ಉಕ್ಕು ಮಾಡುತ್ತಿದ್ದ ಮೂಸೆಗಳ ಚೂರುಗಳು ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇಲ್ಲಿನ ಉಕ್ಕಿನ ಕೆಲಸವನ್ನು ಬರೆದಿಟ್ಟಿದ್ದಾನೆ. ಚೂರಿ ಮಾಡಿದ ಆ ಮನುಷ್ಯನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು! ಫ್ಲೋರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತಿದ್ದ ಆಲ್ಫ್ರೆಡ್ ಪೆಂಡ್ರೆ ಎಂಬವರು ವರ್ಹೋವೆನ್ ಎಂಬ ಪ್ರೊಫೆಸರರ ಜೊತೆ ಸೇರಿ ಹಳೆಯ ಚಿತ್ತಾರವನ್ನು ಮತ್ತೆ ಬರಿಸಿದರೆಂದೂ, ಅದಿರಿನಲ್ಲಿದ್ದ ಚಿಟಿಕೆ ವೆನೇಡಿಯಂನಲ್ಲಿ ಗುಟ್ಟು ಅಡಗಿತ್ತೆಂದೂ ಅವನೇ ನನಗೆ ಪಾಠ ಮಾಡಿದ. ಅವನಿಗೆ ಗೊತ್ತಿಲ್ಲದ್ದು ಒಂದೇ, ಆ ಪದದ ಉಚ್ಚಾರಣೆ. ನಾಲ್ಕು ಸಲ ಹೇಳಿಸಿಕೊಂಡ. ಒತ್ತಕ್ಷರ ಅವನ ನಾಲಿಗೆಗೆ ಕೂರಲಿಲ್ಲ. ಅವನ ಕಾರ್ಡಿನ ಹಿಂದೆ ಕನ್ನಡದಲ್ಲಿ ‘ಉಕ್ಕು’ ಎಂದು ಬರೆದುಕೊಟ್ಟೆ. ಯಾವ ಕಡೆ ಮೇಲೆ ಎಂದು ಕೇಳಿದ.

ಅದರ ಪಕ್ಕದ ಮೇಜಿನಲ್ಲಿ ಇನ್ನೊಬ್ಬ ನಮ್ಮೂರಿನವನು ಕಂಡ. ಕತ್ತಿಯ ಹಿಡಿಗೆ ಕೂರಿಸಿದ್ದ ಕಡವೆಯ ಕೊಂಬು. ಆ ಗಂಟು ಗಂಟು, ಆ ಕಂದು ಬಣ್ಣ, ಮುಟ್ಟದೆಯೇ ಗುರುತು ಹಿಡಿದೆ. ವರ್ಷಕ್ಕೊಮ್ಮೆ ಕಡವೆ ಉದುರಿಸುವ ಕೊಂಬು ಹಿಂದೆ ನಮ್ಮ ದೇಶದಿಂದ ಇಲ್ಲಿಗೆ ಬರುತ್ತಿತ್ತು. ರಫ್ತು ನಿಷೇಧವಾದಮೇಲೆ ಹಳೆಯ ದಾಸ್ತಾನಿಗೆ ಬಂಗಾರದ ಬೆಲೆ. ಸೊಪ್ಪಿನಬೆಟ್ಟದಲ್ಲಿ ಸಿಕ್ಕಿದ್ದ ಒಂದನ್ನು ನಮ್ಮ ಜಗುಲಿಯ ಗೋಡೆಗೆ ಹೊಡೆದು ಛತ್ರಿ ನೇತುಹಾಕುತ್ತಿದ್ದೆವು. ವನ್ಯಜೀವಿ ಕಾಯ್ದೆ ಬಂದಮೇಲೆ ಅಪ್ಪಯ್ಯ ಅದನ್ನು ಇಳಿಸಿ ಅರಣ್ಯ ಇಲಾಖೆಗೆ ಒಪ್ಪಿಸಿದ್ದರು. ಛತ್ರಿಗೆ ಮೊಳೆ ಬಂತು.

ಹೆಸರುವಾಸಿ ಕಮ್ಮಾರರ ಕತ್ತಿ ಕೊಳ್ಳಲು ದುಡ್ಡಿದ್ದರೆ ಸಾಲದು, ಚೀಟಿ ಎತ್ತುತ್ತಾರೆ. ಡಬ್ಬಿಗೆ ಹೆಸರು ಬರೆದು ಹಾಕಿ, ಅದೃಷ್ಟ ಇದ್ದವನಿಗೆ ಕೊಳ್ಳುವ ಹಕ್ಕು. ದುಡ್ಡು ಬೇರೆ ಕೊಡಬೇಕು. ಇದನ್ನು ಇವಳಿಗೆ ಸಂಜೆ ಹೇಳಿದರೆ ನಂಬಲೇ ಇಲ್ಲ.

ನಾನು ಏನೂ ಕೊಳ್ಳಲಿಲ್ಲ. ವಾಪಸ್ ಬರುವಾಗ ಪಾರ್ಕಿಂಗಿನಲ್ಲಿ ಪಕ್ಕದ ಮನೆಯವರು ಕಾರಿನಿಂದ ಚರ್ಮದ ಒರೆಯಲ್ಲಿದ್ದ ಸಣ್ಣ ಕತ್ತಿ ತೆಗೆದು ನನ್ನ ಮುಂದೆ ಹಿಡಿದರು. ನಾಲ್ಕಿಂಚಿನ ಅಲಗು, ಅವರೇ ಮಾಡಿದ್ದು, 5160. ನಾನು ಕೈ ಹಿಂದೆಳೆದುಕೊಂಡೆ. ಬೇಡವೆಂದಲ್ಲ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಕೆಳಗಿಡಬೇಕು, ತೆಗೆದುಕೊಳ್ಳುವವನು ಎತ್ತಿಕೊಳ್ಳಬೇಕು. ಮಗ ನಾಚಿಕೊಂಡೇ ಅದನ್ನು ಅನುವಾದಿಸಿದ. ಅವರು ನಗುತ್ತ ಕತ್ತಿಯನ್ನು ಬಾನೆಟ್ಟಿನ ಮೇಲಿಟ್ಟು, ತಮ್ಮಲ್ಲೂ ಒಂದು ಕ್ರಮ ಇದೆ ಎಂದರು. ಕತ್ತಿ ಉಡುಗೊರೆ ಕೊಟ್ಟರೆ ಸ್ನೇಹ ಕಡಿದುಹೋಗುತ್ತದೆ. ಅದಕ್ಕೆ ಪಡೆದವನು ಒಂದು ಕಾಸಾದರೂ ಕೊಟ್ಟು ಕೊಂಡ ಹಾಗೆ ಮಾಡಬೇಕು. ಪರ್ಸಿನ ಮೂಲೆಯಲ್ಲಿ ನಮ್ಮದೊಂದು ರೂಪಾಯಿಯ ನಾಣ್ಯ ಇತ್ತು. ಕೊಟ್ಟೆ. ತಿರುಗಿಸಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಕತ್ತಿ ದೊಡ್ಡ ಸೂಟ್‌ಕೇಸಿನಲ್ಲಿ, ಇವಳ ಸೀರೆಗಳ ನಡುವೆ ಊರಿಗೆ ಬಂತು. ಆಚಾರರು ಈಗಿಲ್ಲ. ಅವರ ಮಗ ಪೇಟೆಯಲ್ಲಿ ಗೇಟು, ಗ್ರಿಲ್ ಮಾಡುವ ವರ್ಕ್‌ಶಾಪ್ ಇಟ್ಟಿದ್ದಾನೆ. ತೋರಿಸದೆ ಇರಲಾಗಲಿಲ್ಲ. ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ, ಒರೆಯಿಂದ ತೆಗೆದು, ಉಗುರಿನಿಂದ ಒಮ್ಮೆ ತಟ್ಟಿ ಸದ್ದು ಕೇಳಿದ. ಆಮೇಲೆ ಹೆಬ್ಬೆರಳನ್ನು ಬಾಯಿಗೆ ಅಡ್ಡವಾಗಿ ಸವರಿದ. ನಾನು ಏನೂ ಹೇಳಲಿಲ್ಲ.

"ಹದ ಚೆನ್ನಾಗಿ ಕೂತಿದೆ ಮಾಷ್ಟ್ರೇ. ಆದ್ರೆ ಸೊಪ್ಪು ಗಿಪ್ಪು ಕಡಿಯಕ್ಕಾಗಲ್ಲ. ಎಷ್ಟು ಬಿತ್ತು?"

"ಒಂದು ರೂಪಾಯಿ" ಎಂದೆ.

ನನ್ನ ಮುಖ ನೋಡಿದ. "ಅಷ್ಟಕ್ಕೆ ನಮ್ಮಪ್ಪಾನೂ ಕೊಡ್ತಿರಲಿಲ್ಲ" ಅಂದವನು, ಕತ್ತಿಯನ್ನು ನನ್ನ ಕೈಗೆ ಕೊಡದೆ ಅಡಿಗಲ್ಲಿನ ಮೇಲಿಟ್ಟ.