ಸೆಲೀನಾ ಮ್ಯೂಸಿಯಂ ನೋಡಲು ಹೊರಟಿದ್ದೀರಾ? ಶನಿವಾರ ಬೇಡ

ಮೊದಲೇ ಹೇಳಿಬಿಡುತ್ತೇನೆ: ಅಮೆರಿಕದ ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿಯಲ್ಲಿರುವ, ಗಾಯಕಿ ಸೆಲೀನಾಳ ನೆನಪಿನ ಮ್ಯೂಸಿಯಂ ತೆರೆದಿರುವುದು ಸೋಮವಾರದಿಂದ ಶುಕ್ರವಾರದವರೆಗೆ, ಅದೂ ಹಗಲು ಹೊತ್ತು ಮಾತ್ರ. ಹೂಸ್ಟನ್‌ನಿಂದ ಮೂರೂವರೆ ಗಂಟೆ, ಸ್ಯಾನ್ ಆಂಟೋನಿಯೋದಿಂದ ಎರಡು ಗಂಟೆಯ ಮೇಲೆ ಸ್ವಲ್ಪ. ಶುಕ್ರವಾರ ಒಂದು ದಿನ ರಜೆ ಹಾಕಿ, ಬೆಳಗ್ಗೆಯೇ ಹೊರಡಿ. ಹೊರಡುವ ಮುಂಚೆ ಸಮಯ ಒಮ್ಮೆ ಖಚಿತಪಡಿಸಿಕೊಳ್ಳಿ.

ಸೆಲೀನಾ ಕಿಂಟಾನಿಯಾ ಗೊತ್ತಿಲ್ಲದವರಿಗೆ ಎರಡು ಮಾತು. 1971ರಲ್ಲಿ ಟೆಕ್ಸಸ್‌ನಲ್ಲೇ ಹುಟ್ಟಿದವಳು, ಇಂಗ್ಲಿಷಿನಲ್ಲೇ ಬೆಳೆದವಳು. ಸ್ಪ್ಯಾನಿಷ್ ಹಾಡುಗಳನ್ನು ಮೊದಮೊದಲು ಉಚ್ಚಾರ ಕಲಿತು ಹಾಡಿದ್ದು, ಭಾಷೆ ಬಂದದ್ದು ಆಮೇಲೆ. (ಇಲ್ಲಿ ಅಮೆರಿಕದ ಕನ್ನಡ ಸಂಘದ ವೇದಿಕೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಭಾವಗೀತೆ ಹಾಡುವ ಮಕ್ಕಳನ್ನು ನೋಡಿದವರಿಗೆ ಇದೇನೂ ವಿಚಿತ್ರ ಅನ್ನಿಸದು.) ಇಡೀ ಮನೆಯೇ ಒಂದು ಬ್ಯಾಂಡು: ಅಣ್ಣ ಬೇಸ್ ಗಿಟಾರ್, ಅಕ್ಕ ಡ್ರಮ್ಸ್. ಅಪ್ಪನ ಹೋಟೆಲು ಮುಚ್ಚಿದ ಮೇಲೆ ಅದೇ ಹೊಟ್ಟೆಪಾಡಾಯಿತು. ಗಂಡಸರದೇ ಮೇಲುಗೈಯಾಗಿದ್ದ ತೆಹಾನೋ ಸಂಗೀತದಲ್ಲಿ (ಟೆಕ್ಸಸ್‌ನ ಮೆಕ್ಸಿಕನ್ ಮೂಲದವರ ಸಂಗೀತ) ಅವಳು ರಾಣಿಯಾದಳು. 1994ರಲ್ಲಿ ಗ್ರ್ಯಾಮಿ ಬಂತು. 1995ರ ಮಾರ್ಚ್ 31ರಂದು ಗುಂಡೇಟಿಗೆ ಬಲಿಯಾದಾಗ ಇನ್ನೂ 24 ತುಂಬಿರಲಿಲ್ಲ.

ಭಾರಿ ಕಟ್ಟಡ ಕಲ್ಪಿಸಿಕೊಂಡು ಹೋಗಬೇಡಿ. ಇದು ಕುಟುಂಬದವರದೇ ರೆಕಾರ್ಡಿಂಗ್ ಸಂಸ್ಥೆಯ ಕಟ್ಟಡದಲ್ಲಿರುವ ಸಣ್ಣ ಜಾಗ. ಟಿಕೆಟ್ ಅಗ್ಗ, ಒಂದು ಗಂಟೆ ಸಾಕು. ಆದರೆ ಆ ಒಂದು ಗಂಟೆಯನ್ನು ಬಟ್ಟೆಗಳ ಮುಂದೆ ಕಳೆಯಿರಿ. ಅವಳು ಬಟ್ಟೆಯನ್ನೂ ವಿನ್ಯಾಸ ಮಾಡುತ್ತಿದ್ದಳು, ಸ್ವಂತ ಬುಟೀಕೂ ಇತ್ತು. ವೇದಿಕೆಯ ಉಡುಪುಗಳಿಗೆ ಹೊಳೆಯುವ ಮಣಿ, ಹರಳುಗಳನ್ನು ತಾನೇ ಕೂತು ಅಂಟಿಸುತ್ತಿದ್ದಳಂತೆ. ಹತ್ತಿರದಿಂದ ನೋಡಿದರೆ ಅದು ಕೈಕೆಲಸ ಅಂತ ಗೊತ್ತಾಗುತ್ತದೆ. 1995ರ ಫೆಬ್ರವರಿಯಲ್ಲಿ ಹೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣದಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಮುಂದೆ ಹಾಡಿದಾಗ ತೊಟ್ಟ ನೇರಳೆ ಜಂಪ್‌ಸೂಟ್ ಎಲ್ಲಕ್ಕಿಂತ ಪ್ರಸಿದ್ಧ. ಆ ಕಾರ್ಯಕ್ರಮದ ವಿಡಿಯೋ ಹಿಂದಿನ ರಾತ್ರಿ ನೋಡಿಕೊಂಡು ಹೋಗಿ. ಇಲ್ಲದಿದ್ದರೆ ಅದು ಬರೀ ಮಿರುಗುವ ಬಟ್ಟೆ. ಕೆಂಪು ಪೋರ್ಷೆ ಕಾರು, ಅವಳು ಕೂಡಿಟ್ಟ ಅಲಂಕಾರದ ಮೊಟ್ಟೆಗಳೂ ಇವೆ. ಮಕ್ಕಳು ನಿಲ್ಲುವುದು ಕಾರಿನ ಹತ್ತಿರವೇ.

ಅಲ್ಲಿಂದ ಕಡಲತಡಿಗೆ ಬನ್ನಿ. ಶೋರ್‌ಲೈನ್ ಬುಲೆವಾರ್ಡ್‌ನಲ್ಲಿ 1997ರಲ್ಲಿ ನಿಲ್ಲಿಸಿದ ಅವಳ ಕಂಚಿನ ಪ್ರತಿಮೆ ಇದೆ, ಆ ಸ್ಮಾರಕದ ಹೆಸರು ‘ಮಿರಾಡೋರ್ ದೆ ಲಾ ಫ್ಲೋರ್’. ಬೇಸಿಗೆಯ ಮಧ್ಯಾಹ್ನ ಅಲ್ಲಿ ನಿಲ್ಲುವುದು ಕಷ್ಟ. ಮಂಗಳೂರಿನ ಸೆಕೆ ಗೊತ್ತಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ಸಂಜೆ ಐದರ ಮೇಲೆ ಹೋಗಿ. ಅವಳ ಸಮಾಧಿ ಸೀಸೈಡ್ ಸ್ಮಶಾನದಲ್ಲಿದೆ. ಬೇರೆಯವರೂ ತಮ್ಮವರನ್ನು ನೋಡಲು ಬಂದಿರುತ್ತಾರೆ, ಸೆಲ್ಫಿ ಗಲಾಟೆ ಬೇಡ. ಅಭಿಮಾನಿಗಳು ಅವಳಿಗೆ ಪ್ರಿಯವಾದ ಬಿಳಿ ಗುಲಾಬಿ ತರುತ್ತಾರೆ.

ಊರಿನೊಳಗೆ ಕಾರಿಲ್ಲದೆ ಓಡಾಡುವುದು ಆಗದ ಮಾತು, ವಿಮಾನದಲ್ಲಿ ಬರುವವರು ಬಾಡಿಗೆಗೆ ತೆಗೆದುಕೊಳ್ಳಿ. ಇನ್ನು ಸಸ್ಯಾಹಾರಿಗಳಿಗೆ: ಮೆಕ್ಸಿಕನ್ ಹೋಟೆಲಿನ ಬೀನ್ಸ್‌ಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಸಾರು ಹಾಕಿರುವುದುಂಟು. ಕೇಳಿಯೇ ಆರ್ಡರ್ ಮಾಡಿ, ಇಲ್ಲವೇ ಮನೆಯಿಂದ ಪುಳಿಯೋಗರೆ ಕಟ್ಟಿಕೊಳ್ಳಿ.