ಇದು ಯಾರು ಬರೆದದ್ದು?

ಕಳೆದ ಭಾನುವಾರ ತಿಪಟೂರಿಗೆ ಹೋಗಿ ಅಪ್ಪನ ಲ್ಯಾಪ್‌ಟಾಪಿನಿಂದ ವಿಂಡೋಸ್ ತೆಗೆದು, ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ ಬಂದೆ. ಬಂದು ಐದು ದಿನವಾಯಿತು. ಅವರ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ.

ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತ್ತು. ಅಪ್ಪನದು ಇಂಟೆಲ್ ಏಳನೇ ಜನರೇಶನ್ ಪ್ರೊಸೆಸರ್. ವಿಂಡೋಸ್ 11 ಎಂಟನೆಯದನ್ನಾದರೂ ಕೇಳುತ್ತದೆ. ಅಂಗಡಿಯ ಹುಡುಗ ಮುಚ್ಚಳ ತೆರೆದೂ ನೋಡದೆ "ಇದು ಗುಜರಿಗೆ ಅಂಕಲ್, ಹೊಸದು ತಗೊಳ್ಳಿ" ಅಂದನಂತೆ. ಮೂವತ್ತು ವರ್ಷದ ಹಳೇ ಸ್ಕೂಟರಿಗೆ ಇನ್ನೂ ಕಿಕ್ ಹೊಡೆಯುವ ನಿವೃತ್ತ ಮೇಷ್ಟ್ರಿಗೆ ಹಾಗೆ ಹೇಳಬಾರದಿತ್ತು.

ಲಿನಕ್ಸ್ ಅರ್ಧ ಗಂಟೆಯಲ್ಲಿ ಕೂತಿತು. ನನಗೆ ಭಯವಿದ್ದದ್ದು ಕೀಬೋರ್ಡಿನ ಬಗ್ಗೆ. ಅಪ್ಪ 2006ರಿಂದ 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಬರೆಯುವವರು, ಬೆರಳಿಗೆ ಅದೇ ವಿನ್ಯಾಸ ಅಂಟಿಬಿಟ್ಟಿದೆ. ನೋಡಿದರೆ ಅದೇ ವಿನ್ಯಾಸದ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಮೊದಲೇ ಇದೆ! ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. "ಅಮ್ಮ" ಅಂತ ಟೈಪ್ ಮಾಡಿ ಅಡುಗೆಮನೆ ಕಡೆ ನೋಡಿ ನಕ್ಕರು. ನಾನೂ ಬೀಗಿದೆ.

ಆಮೇಲೆ ಪೆನ್‌ಡ್ರೈವಿನಿಂದ ಅವರ ಹಳೆಯ ಫೈಲು ತೆಗೆದೆ. ಊರಿನ ಕೆರೆ, ಜಾತ್ರೆ, ನಮ್ಮಜ್ಜನ ಕೊಬ್ಬರಿ ವ್ಯಾಪಾರ ಅಂತ ಅವರು ಬರೆದಿಟ್ಟ ನೂರಕ್ಕೂ ಜಾಸ್ತಿ ಫೈಲುಗಳು. ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ತಲೆ ಮೇಲೆ ಕೊಂಬು, ಕೆಲವಕ್ಕೆ ಚುಕ್ಕಿ. ಅಪ್ಪ ಕನ್ನಡಕ ಒರೆಸಿಕೊಂಡು ಬಗ್ಗಿ ನೋಡಿದರು.

"ಇದು ಯಾರು ಬರೆದದ್ದು?"

ಸಿಟ್ಟಿನಲ್ಲಿ ಕೇಳಿದ್ದರೆ ಪರವಾಗಿರಲಿಲ್ಲ. ಬೇರೆ ಯಾರದೋ ಫೈಲು ತೆಗೆದಿದ್ದೀನಿ ಅಂದುಕೊಂಡು ನಿಜವಾಗಿಯೂ ಕೇಳಿದರು. "ನೀವೇ ಅಪ್ಪ" ಅನ್ನಲು ನಾಲಿಗೆ ಏಳಲಿಲ್ಲ.

ತಪ್ಪು ನನ್ನದು. ಫೈಲುಗಳನ್ನು ನಕಲು ಮಾಡಿಕೊಂಡೆ, 'ನುಡಿ 01 ಇ' ಫಾಂಟನ್ನು ವಿಂಡೋಸ್ ಜೊತೆ ಅಳಿಸಿಬಿಟ್ಟೆ. ಆ ಕಾಲದ ನುಡಿ ಫೈಲಿನೊಳಗೆ ಕನ್ನಡ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಖ್ಯೆ. ಅದರ ಮೇಲೆ ಫಾಂಟು ಕನ್ನಡದ ಚಿತ್ರ ಬಿಡಿಸುತ್ತದೆ, ಅಷ್ಟೇ. 'ನ' ಇದ್ದಲ್ಲಿ ಬ್ರಿಟಿಷ್ ಪೌಂಡಿನ ಗುರುತು. ಅಪ್ಪ 'ನಾನು' ಅಂತ ಬರೆದ ಕಡೆಯೆಲ್ಲ ಎರಡು ಪೌಂಡು! ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು, ನಿಜ. ಆದರೆ ಪ್ರೆಸ್ಸಿನವರು ಪುಟ ಜೋಡಿಸುತ್ತಿದ್ದ ಪೇಜ್‌ಮೇಕರಿಗೆ ಅದು ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಹೀಗೇ ಬರೆದರು. ಆ ದಾರಿಯೂ ಇಲ್ಲದಿದ್ದರೆ ಅಪ್ಪ ಏನೂ ಬರೆಯುತ್ತಿರಲಿಲ್ಲವೇನೋ.

ಫಾಂಟು ಹುಡುಕಿ ಹಾಕಿದೆ. ಕನ್ನಡ ವಾಪಸ್ ಬಂತು. "ಕಾಣ್ತಿದೆಯಲ್ಲ, ಸಾಕು ಬಿಡು" ಅಂದರು. ನಾನು ಸುಮ್ನೆ ಇರಬೇಕಿತ್ತು, ಅಲ್ವಾ? 'ಕೆರೆ' ಅಂತ ಹುಡುಕಿ ತೋರಿಸಿದೆ. ಕೆರೆಯ ಮೇಲೇ ಬರೆದ ಎಂಟು ಪುಟದಲ್ಲಿ ಆ ಪದ ಒಂದು ಕಡೆಯೂ ಇಲ್ಲ ಅಂತು ಕಂಪ್ಯೂಟರ್. ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತವನಿಗೆ ನಿಮ್ಮ ಭಾಷೆಯ ಒಂದಕ್ಷರವೂ ಗೊತ್ತಿರಲಿಲ್ಲ ಅಂದ ಹಾಗಿತ್ತು. ಅಪ್ಪನ ಮುಖ ನೋಡಿ, ಇದನ್ನು ಯಾಕಾದರೂ ತೋರಿಸಿದೆನೋ ಅನ್ನಿಸಿತು.

ರಾತ್ರಿ ಕೂತು ಎಲ್ಲವನ್ನೂ ಯುನಿಕೋಡಿಗೆ ಬದಲಾಯಿಸಿದೆ. ಕೆಲವು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ನಡುವೆ ಇಂಗ್ಲಿಷಿನಲ್ಲೇ ಬರೆದಿದ್ದ ಅವರ ಇ-ಮೇಲ್ ವಿಳಾಸ ಕನ್ನಡಕ್ಕೆ ತಿರುಗಿ ಭೂತ ಬಿಡಿಸೋ ಮಂತ್ರದ ಹಾಗಾಗಿತ್ತು. ಅಪ್ಪ ಅದನ್ನು ಎರಡು ಸಲ ಜೋರಾಗಿ ಓದಿ ನಕ್ಕರು. ಅವತ್ತು ನನಗೆ ಸಿಕ್ಕ ಸಮಾಧಾನ ಅದೊಂದೇ.

ಈಗ ದಿನಕ್ಕೆ ಎರಡು ಫೈಲು ತಿದ್ದುತ್ತಿದ್ದಾರೆ, ಉತ್ತರಪತ್ರಿಕೆ ತಿದ್ದಿದ ಹಾಗೆ. ಸಂಜೆ ಫೋನಿನಲ್ಲಿ ತಪ್ಪಿನ ಲೆಕ್ಕ ಒಪ್ಪಿಸುತ್ತಾರೆ. ನಿನ್ನೆ ಹದಿನಾರು. ಅದರಲ್ಲಿ ಹದಿನೈದು ನಿನ್ನ ಯಂತ್ರದ್ದು ಅಂದರು. ಇನ್ನೊಂದು? "ಜಾತ್ರೆ ಲೇಖನದಲ್ಲಿ 'ಅಲ್ಪಪ್ರಾಣ'ಕ್ಕೆ 'ಅಲ್ಫಪ್ರಾಣ' ಅಂತ ಹಾಕಿದ್ದೀನಿ ಕಣೋ. ಅದು ನನ್ನದೇ. ಹಾಗೇ ಬಿಟ್ಟಿದ್ದೀನಿ."