ಹೊಸ ಕರ್ನಲ್ ಬೂಟ್ ಆಯ್ತು, ವಿಂಡೋಸ್ ಶೇರ್ ನಾಪತ್ತೆ

ಕಳೆದ ವಾರ ಲಿನಕ್ಸ್ ಕರ್ನಲ್ (ಸಿಸ್ಟಮ್ಮಿನ ತಿರುಳು) ಸೋರ್ಸನ್ನು ವಿಂಡೋಸ್ ಶೇರ್ (ನೆಟ್‌ವರ್ಕಿನಲ್ಲಿ ಹಂಚಿಕೊಂಡ ವಿಂಡೋಸ್ ಫೋಲ್ಡರ್) ಮೇಲೇ ಇಟ್ಟುಕೊಂಡು ಒದ್ದಾಡಿದ್ದೆ. ಎರಡೂ ಕಂಪ್ಯೂಟರಿನಲ್ಲಿ ಕೋಡ್ ಓದಬಹುದು ಅನ್ನೋ ಆಸೆ. ಗಿಟ್ ಕ್ಲೋನ್ (ಕೋಡಿನ ಪ್ರತಿ ಇಳಿಸಿಕೊಳ್ಳೋದು) ಮುಗಿದ ಕೂಡಲೇ, ನಾನು ಏನನ್ನೂ ಮುಟ್ಟದೆಯೇ, ಒಂದಷ್ಟು ಫೈಲ್ ಬದಲಾಗಿವೆ ಅಂತ ಗಿಟ್ ಸ್ಟೇಟಸ್ ತೋರಿಸಿತು. ನೆಟ್‌ಫಿಲ್ಟರ್ ಫೋಲ್ಡರಿನಲ್ಲಿ ಎಕ್ಸ್‌ಟಿ_ಟಿಸಿಪಿಎಂಎಸ್‌ಎಸ್ ಅನ್ನೋ ಹೆಸರಿನ ಎರಡು ಫೈಲ್ ಇವೆ. ಒಂದರಲ್ಲಿ ಟಿಸಿಪಿಎಂಎಸ್‌ಎಸ್ ದೊಡ್ಡಕ್ಷರ, ಇನ್ನೊಂದರಲ್ಲಿ ಸಣ್ಣಕ್ಷರ. ಲಿನಕ್ಸಿಗೆ ಅವು ಬೇರೆ ಬೇರೆ. ವಿಂಡೋಸ್‌ಗೆ ಎರಡೂ ಒಂದೇ. ಒಂದನ್ನು ಇನ್ನೊಂದು ಅಳಿಸಿಹಾಕಿತ್ತು! ಸೋರ್ಸನ್ನು ಲಿನಕ್ಸಿನದೇ ಆದ ಇಎಕ್ಸ್‌ಟಿ4 ಮಾದರಿಯ ಡಿಸ್ಕಿಗೆ ತಂದೆ, ಆ ತಲೆನೋವು ಮುಗಿಯಿತು.

ಈ ವಾರದ್ದು ನಾನೇ ಮಾಡಿಕೊಂಡ ಎಡವಟ್ಟು. ಕಂಪೈಲ್ (ಸೋರ್ಸಿನಿಂದ ಕರ್ನಲ್ ಕಟ್ಟುವ ಕೆಲಸ) ಬೇಗ ಆಗಲಿ ಅಂತ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಕೊಟ್ಟೆ. ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನು (ಬೇಕಾದಾಗ ಸೇರಿಸುವ ಕರ್ನಲ್ ತುಣುಕುಗಳನ್ನು) ಮಾತ್ರ ಅದು ಉಳಿಸಿಕೊಳ್ಳುತ್ತದೆ. ಕಂಪೈಲ್ ಏನೋ ಬೇಗ ಮುಗಿಯಿತು, ಬೂಟೂ ಆಯ್ತು. ಶೇರ್ ಮೌಂಟ್ ಮಾಡಲು (ಲಿನಕ್ಸಿಗೆ ಜೋಡಿಸಲು) ಹೋದರೆ ‘ಮೌಂಟ್ ಎರರ್ 19’, ಅಂದರೆ ಅಂಥ ಡಿವೈಸೇ ಇಲ್ಲ.

ಸುಮ್ನೆ ಒಂದು ಗಂಟೆ ವಿಂಡೋಸ್ ಕಡೆ ಹುಡುಕಿದೆ. ಫೈರ್‌ವಾಲ್, ಪಾಸ್‌ವರ್ಡ್, ಎಸ್‌ಎಂಬಿ (ಶೇರ್ ಬಳಸುವ ಪ್ರೋಟೋಕಾಲ್) ವರ್ಷನ್, ಎಲ್ಲಾ ನೋಡಿದ್ದಾಯ್ತು. ಕೊನೆಗೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೇ ಕರ್ನಲ್ ಆರಿಸಿದೆ. ಶೇರ್ ತಕ್ಷಣ ತೆರೆಯಿತು. ಇದನ್ನು ಮೊದಲೇ ಮಾಡಬೇಕಿತ್ತು, ಅಲ್ವಾ? ಕಾನ್ಫಿಗ್ ಮಾಡುವಾಗ ಶೇರ್ ಮೌಂಟ್ ಆಗಿರಲಿಲ್ಲ, ಹಾಗಾಗಿ ವಿಂಡೋಸ್ ಶೇರ್ ತೆರೆಯುವ ಸಿಐಎಫ್‌ಎಸ್ ಮಾಡ್ಯೂಲ್ ಹೊರಗೇ ಉಳಿದಿತ್ತು.

ಮೆನುಕಾನ್ಫಿಗ್‌ನಲ್ಲಿ (ಕರ್ನಲ್ ಆಯ್ಕೆಗಳ ಮೆನು) ಸಿಐಎಫ್‌ಎಸ್ ಮುಂದೆ ಮಾಡ್ಯೂಲ್ ಅನ್ನೋ ‘ಎಂ’ ಒತ್ತಿ ಮತ್ತೆ ಮೇಕ್, ಇನ್‌ಸ್ಟಾಲ್, ರೀಬೂಟ್. ಈಗ ಎರರ್ 79! ಯಾವುದೋ ಶೇರ್ಡ್ ಲೈಬ್ರರಿ ಸಿಗುತ್ತಿಲ್ಲ ಅನ್ನುತ್ತದೆ. ಇದನ್ನು ನಂಬಿ ಲೈಬ್ರರಿ ಹುಡುಕಿಕೊಂಡು ಹೋಗಬೇಡಿ. ಡಿಮೆಸೆಜ್ (ಕರ್ನಲ್ ಸಂದೇಶಗಳ ದಾಖಲೆ) ನೋಡಿದರೆ ನಿಜ ಗೊತ್ತಾಗುತ್ತದೆ: ಯುಟಿಎಫ್8 ಅಕ್ಷರ ಪಟ್ಟಿ ಇಲ್ಲ. ನನ್ನ ಎಫ್‌ಎಸ್‌ಟ್ಯಾಬ್ (ಏನನ್ನು ಹೇಗೆ ಮೌಂಟ್ ಮಾಡಬೇಕು ಅನ್ನೋ ಫೈಲ್) ಸಾಲಿನಲ್ಲಿ ‘ಐಒಚಾರ್‌ಸೆಟ್=ಯುಟಿಎಫ್8’ ಇತ್ತು, ಆ ಪಟ್ಟಿ ಕೊಡುವ ಎನ್‌ಎಲ್‌ಎಸ್_ಯುಟಿಎಫ್8 ಮಾಡ್ಯೂಲೂ ಅದೇ ಕತ್ತರಿಗೆ ಸಿಕ್ಕಿತ್ತು. ಆ ಆಯ್ಕೆ ತೆಗೆದು ನೋಡಿದೆ. ಮೌಂಟ್ ಆಯ್ತು, ಆದರೆ ಕನ್ನಡ ಹೆಸರಿನ ಫೈಲ್‌ಗಳೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು.

ಮಾಡ್ಯೂಲ್ ಸೇರಿಸಿ ಮೂರನೇ ಸಲ ಮೇಕ್ ಕೊಟ್ಟೆ. ಬದಲಾದಷ್ಟೇ ಕಂಪೈಲ್ ಆದ್ದರಿಂದ ಜಾಸ್ತಿ ಹೊತ್ತು ಹಿಡಿಯಲಿಲ್ಲ. ಈಗ ಹೆಸರುಗಳು ಸರಿಯಾಗಿ ಕಾಣುತ್ತಿವೆ. ಪ್ರಿಂಟರ್ ಇನ್ನೂ ಹಚ್ಚಿ ನೋಡಿಲ್ಲ. ಕಾನ್ಫಿಗ್ ದಿನ ಅದೂ ಆಫ್ ಇತ್ತು.